ಕಡಲ ತಳದ ಲಾವಾಕ್ಕೂ ನಮ್ಮ ರೇವತಿ ಮಳೆಗೂ ಸಂಬಂಧ ಇದೆಯಾ?

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಪೆಸಿಫಿಕ್ ಸಾಗರದ ತಳದಲ್ಲಿ ವಿಜ್ಞಾನಿಗಳು ನೀರಿನಡಿ ಇದ್ದಾಗಲೇ ಜ್ವಾಲಾಮುಖಿ ಎದ್ದಿತು ಅಂತ ಓದಿದೆ. ಅಷ್ಟು ನೀರಿನ ಕೆಳಗೆ ಬೆಂಕಿ ಹೇಗೆ ಉರಿಯುತ್ತದೆ? ಇಂಥವು ಈಚೆಗೆ ಜಾಸ್ತಿ ಆಗುತ್ತಿವೆಯಾ? ಅರಬ್ಬಿ ಸಮುದ್ರದ ತಳದಲ್ಲೂ ಇದೇ ಆಗಿ ನೀರು ಬಿಸಿಯಾಗುತ್ತಿದೆ, ಅದಕ್ಕೇ ಹೂಮಳೆ ಹದ ತಪ್ಪಿದೆ ಅಂತ ನಮ್ಮ ಕಡೆ ಮಾತಿದೆ. ನಮ್ಮ ಚಂದ್ರದ್ರೋಣ ಬೆಟ್ಟವೂ ಹಳೇ ಜ್ವಾಲಾಮುಖಿಯ ಬಾಯಿ ಅಂತಾರೆ. ಅದು ಮತ್ತೆ ಎದ್ದರೆ ಏನು ಗತಿ?

ಉತ್ತರ: ಮಳೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮಗೆ ಮುಖ್ಯವಾಗಿ ಬೇಕಿರುವುದು ಅದೇ ಅಲ್ವಾ? ಕಡಲ ತಳದ ಲಾವಾ ನಿಮ್ಮ ರೇವತಿ ಮಳೆಯನ್ನು, ಅಂದರೆ ಕಾಫಿ ಹೂ ಅರಳಿಸುವ ಹೂಮಳೆಯನ್ನು, ಕೆಡಿಸುತ್ತಿಲ್ಲ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಕೊಡುತ್ತೇನೆ. ಆದರೆ ಲೆಕ್ಕ ಮನಸ್ಸಿಗೆ ನಾಟಬೇಕಾದರೆ ಆ ಕೆಳಗೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ನೀವು ಓದಿದ್ದು 2025ರ ಏಪ್ರಿಲ್ ಕೊನೆಯ ಸಂಗತಿ. ಜಾಗ ಮಧ್ಯ ಅಮೆರಿಕದ ಪಶ್ಚಿಮಕ್ಕಿರುವ ಪೆಸಿಫಿಕ್ ಸಾಗರ. ಅಲ್ಲಿ ಈಸ್ಟ್ ಪೆಸಿಫಿಕ್ ರೈಸ್ ಅನ್ನುವ ಬೆಟ್ಟಸಾಲು ನೀರಿನಡಿ ಹಾದುಹೋಗುತ್ತದೆ. ಅದರ ನೆತ್ತಿಯೇ ನೀರಿನಿಂದ ಸುಮಾರು 2,500 ಮೀಟರ್ ಕೆಳಗಿದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಆಂಡ್ರ್ಯೂ ವೋಜ್ನಿಯಾಕ್ ಮತ್ತು ಜೊತೆಗಾರರು 'ಆಲ್ವಿನ್' ಅನ್ನುವ ಪುಟ್ಟ ಜಲಾಂತರ್ಗಾಮಿಯಲ್ಲಿ ಅಲ್ಲಿಗೆ ಇಳಿಯುತ್ತಿದ್ದರು. ಅದರೊಳಗೆ ಹಿಡಿಯುವುದು ಮೂರೇ ಜನ. ತಳ ಮುಟ್ಟಲು ಒಂದು ಗಂಟೆಗೂ ಜಾಸ್ತಿ ಬೇಕು. ಅಲ್ಲಿ 'ಟೀಕಾ' ಎಂದು ಹೆಸರಿಟ್ಟ ಒಂದು ಬಿಸಿನೀರಿನ ಬುಗ್ಗೆ. ಸುತ್ತ ಕೆಂಪು ಗರಿಯ ಕೊಳವೆಹುಳುಗಳು, ಚಿಪ್ಪುಜೀವಿಗಳು ಕಿಕ್ಕಿರಿದಿದ್ದವು. ಹಿಂದಿನ ದಿನ ಇಳಿದವರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು.

ಮಾರನೇ ದಿನ, ಏಪ್ರಿಲ್ 29ಕ್ಕೆ, ಅದೇ ಜಾಗಕ್ಕೆ ಹೋದರೆ ಹುಳುಗಳೂ ಇಲ್ಲ, ಚಿಪ್ಪುಗಳೂ ಇಲ್ಲ. ಕಣ್ಣಿಗೆ ಬಿದ್ದದ್ದು ಗಾಜಿನಂತೆ ಹೊಳೆಯುವ ಹೊಸ ಕರಿ ಲಾವಾ. ನೀರು ಕದಡಿತ್ತು. ಆ ಮಬ್ಬಿನಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಮಿಂಚು. ಹೊರಗಿನ ನೀರಿನ ಬಿಸಿ ಏರತೊಡಗಿದ್ದೇ ಚಾಲಕರು ಅಲ್ಲಿಂದ ದೂರ ಸರಿದರು. ಒಳ್ಳೆಯ ತೀರ್ಮಾನ.

ಇದು ಯಾಕೆ ದೊಡ್ಡ ಸುದ್ದಿ ಅಂದರೆ, ಕಡಲ ನಡುವಿನ ಇಂಥ ಬೆಟ್ಟಸಾಲಿನಲ್ಲಿ ಲಾವಾ ಹರಿಯುವಾಗಲೇ ಮನುಷ್ಯ ಎದುರಿಗಿದ್ದದ್ದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹಾಗಂತ ಅದೇ ಜಾಗದಲ್ಲಿ ಇದು ಮೊದಲ ಸಲ ಅಲ್ಲ. 1991ರ ಸುಮಾರಿಗೆ ಒಮ್ಮೆ, 2005-06ರಲ್ಲಿ ಇನ್ನೊಮ್ಮೆ, ಈಗ ಮೂರನೇ ಸಲ. ಎರಡನೇ ಸಲದ ಕಥೆ ಕೇಳಿ. ವಿಜ್ಞಾನಿಗಳು ತಳದಲ್ಲಿ 12 ಭೂಕಂಪ ಮಾಪಕಗಳನ್ನು ಬಿಟ್ಟು ಬಂದಿದ್ದರು. 2006ರ ವಸಂತದಲ್ಲಿ ವಾಪಸ್ ತರಲು ಹಡಗು ಹೋಯಿತು. ಮೇಲಿನಿಂದ ಸಂಕೇತ ಕೊಟ್ಟರೆ ಮಾಪಕ ತನ್ನ ಭಾರ ಕಳಚಿಕೊಂಡು ತೇಲಿ ಬರಬೇಕು. ಬಂದದ್ದು ನಾಲ್ಕೇ. ಕೆಲವು 'ಇಲ್ಲಿದ್ದೇನೆ' ಅಂತ ಉತ್ತರ ಕೊಟ್ಟವು, ಮೇಲೆ ಮಾತ್ರ ಬರಲಿಲ್ಲ. ಲಾವಾ ಅವುಗಳ ಕಾಲು ಹಿಡಿದಿತ್ತು. ನನಗೆ ಇವತ್ತಿಗೂ ಆ ಚಿತ್ರ ಮರೆಯಲು ಆಗುವುದಿಲ್ಲ: ಅಳೆಯಲು ಹೋದ ಯಂತ್ರವನ್ನೇ ಕಲ್ಲು ಕಟ್ಟಿಹಾಕಿಕೊಂಡಿದೆ.

ಈಗ ನಿಮ್ಮ ಬೆಂಕಿಯ ಪ್ರಶ್ನೆ. ಜ್ವಾಲಾಮುಖಿ, ಅಗ್ನಿಪರ್ವತ ಅನ್ನುವ ನಮ್ಮ ಎರಡೂ ಪದಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಅಲ್ಲಿ ಜ್ವಾಲೆ ಇಲ್ಲ. ಎಷ್ಟೋ ಕಡೆ ಬೇರೆಯಾಗಿ ನಿಂತ ಪರ್ವತವೂ ಇಲ್ಲ, ನೆಲದಲ್ಲಿ ಉದ್ದಕ್ಕೂ ಒಂದು ಬಿರುಕು, ಅಷ್ಟೆ. ಏನೂ ಉರಿಯುತ್ತಿಲ್ಲ. ಸುಮಾರು 1,200 ಡಿಗ್ರಿ ಬಿಸಿಯ ಕರಗಿದ ಕಲ್ಲು ಹೊರಗೆ ಬರುತ್ತದೆ. ಕಮ್ಮಾರರು ಕುಲುಮೆಯಿಂದ ತೆಗೆದ ಕುಡುಗೋಲನ್ನು ನೀರಿಗೆ ಅದ್ದುವುದನ್ನು ನೋಡಿದ್ದೀರಲ್ಲ. ಅದು ಕೆಂಪಗೆ ಹೊಳೆಯುವುದು ಬಿಸಿಯಿಂದ, ಉರಿಯಿಂದಲ್ಲ. ಇದೂ ಹಾಗೇ.

ಹಾಗಾದರೆ ನೀರು ಕುದಿದು ಆವಿಯಾಗಿ ಸ್ಫೋಟ ಆಗುವುದಿಲ್ಲವಾ? ಆಗದಂತೆ ತಡೆಯುವುದು ನೀರಿನ ಭಾರ. 2,500 ಮೀಟರ್ ಆಳದಲ್ಲಿ ಒತ್ತಡ ಇಲ್ಲಿನ ಗಾಳಿಯ ಒತ್ತಡದ ಸುಮಾರು 250 ಪಟ್ಟು. ನಿಮ್ಮ ಉಗುರಿನಷ್ಟು ಜಾಗದ ಮೇಲೆ 50 ಕೆ.ಜಿ.ಯ ಐದು ಕಾಫಿ ಮೂಟೆ ಇಟ್ಟ ಹಾಗೆ. ಮನೆಯ ಕುಕ್ಕರಿನಲ್ಲಿ ಒತ್ತಡ ಎರಡು ಪಟ್ಟು ಆದರೇ ನೀರು 120 ಡಿಗ್ರಿವರೆಗೆ ಕುದಿಯದೆ ಇರುತ್ತದೆ. 250 ಪಟ್ಟು ಆದರೆ? ಅಲ್ಲಿನ ಬುಗ್ಗೆಗಳಿಂದ 350 ಡಿಗ್ರಿ ದಾಟಿದ ನೀರು ಬರುತ್ತದೆ, ಆದರೂ ಅದು ನೀರಾಗಿಯೇ ಇರುತ್ತದೆ. ಆವಿ ಹಿಗ್ಗಲು ಜಾಗವೇ ಇಲ್ಲ. ಹಾಗಾಗಿ ಲಾವಾ ಸಿಡಿಯುವುದಕ್ಕಿಂತ ಉಕ್ಕುತ್ತದೆ ಅನ್ನುವುದೇ ಸರಿ. ಆರ್ಕ್ಟಿಕ್ ಸಾಗರದ ಗ್ಯಾಕೆಲ್ ಬೆಟ್ಟಸಾಲಿನಲ್ಲಿ 4,000 ಮೀಟರ್ ಆಳದಲ್ಲೂ ಸಿಡಿತದ ಗುರುತು ಸಿಕ್ಕಿದೆ, ನಿಜ. ಅದು ಅಪವಾದ.

ಉಕ್ಕಿದ ಲಾವಾ ಹೇಗೆ ಕಾಣುತ್ತದೆ ಅಂತ ಮಕ್ಕಳು ಕೇಳಿದಾಗ ನಾನು ಬೆಲ್ಲದ ಪಾಕದ ಉದಾಹರಣೆ ಕೊಡುತ್ತಿದ್ದೆ. ಪಾಕದ ಹದ ನೋಡಲು ಅಮ್ಮ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಡುತ್ತಾರಲ್ಲ, ಅದು ತಟ್ಟನೆ ಉಂಡೆಯಾಗುತ್ತದೆ. ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ಲಾವಾವೂ 2 ಡಿಗ್ರಿಯ ತಣ್ಣೀರು ತಾಗಿದ ಕೂಡಲೇ ಗಾಜಿನ ತೊಗಟೆ ಕಟ್ಟಿಕೊಳ್ಳುತ್ತದೆ. ಒಳಗಿನಿಂದ ಒತ್ತಡ ಬಂದಾಗ ತೊಗಟೆ ಒಡೆದು ಪಕ್ಕದಲ್ಲಿ ಇನ್ನೊಂದು ಉಂಡೆ. ಅದೂ ಒಡೆದು ಮತ್ತೊಂದು. ಕೊನೆಗೆ ತಟ್ಟೆಯಲ್ಲಿ ಕಡುಬು ಪೇರಿಸಿದ ಹಾಗೆ ಕಾಣುತ್ತದೆ. ಇದಕ್ಕೆ ದಿಂಬು ಲಾವಾ ಅನ್ನುತ್ತಾರೆ. ಲಾವಾ ಜೋರಾಗಿ ಬಂದರೆ ಉಂಡೆ ಕಟ್ಟಲು ಪುರಸೊತ್ತು ಇಲ್ಲ, ದೋಸೆಯ ಹಾಗೆ ಹರಡಿಕೊಳ್ಳುತ್ತದೆ. ಈ ದಿಂಬು ಲಾವಾವನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬರುತ್ತೇನೆ.

ಈ ಕಲ್ಲು ಕರಗುವುದಾದರೂ ಯಾಕೆ? ಕೆಳಗೆ ಯಾರೂ ಬೆಂಕಿ ಜಾಸ್ತಿ ಮಾಡಿಲ್ಲ. ಭೂಮಿಯ ಹೊರಚಿಪ್ಪಿನ ಎರಡು ದೊಡ್ಡ ತುಂಡುಗಳು, ಅಂದರೆ ಫಲಕಗಳು, ದೂರ ಸರಿಯುತ್ತವೆ. ನಡುವೆ ಬಿಟ್ಟ ಜಾಗಕ್ಕೆ ಆಳದ ಬಿಸಿ ಕಲ್ಲು ಮೆಲ್ಲಗೆ ಏರುತ್ತದೆ. ಏರಿದಂತೆ ಮೇಲಿನ ಭಾರ ಕಡಿಮೆ. ಭಾರ ಕಡಿಮೆಯಾದರೆ ಅದೇ ಬಿಸಿಯಲ್ಲೇ ಅದು ಕರಗತೊಡಗುತ್ತದೆ. ಕುಕ್ಕರಿನ ವಿಷಲ್ ಎತ್ತಿದ ಕೂಡಲೇ ಒಳಗಿನ ನೀರು ಭಗ್ಗನೆ ಕುದಿಯುವುದಿಲ್ಲವಾ, ಅದೇ ತತ್ವ. ಕಡಲುಗಳ ತಳದಲ್ಲಿ ಇಂಥ ಬೆಟ್ಟಸಾಲು ಸುಮಾರು 65,000 ಕಿ.ಮೀ. ಉದ್ದಕ್ಕೆ ಭೂಮಿಯನ್ನು ಸುತ್ತಿಕೊಂಡಿದೆ. ಭೂಮಿಯಿಂದ ಹೊರಬರುವ ಲಾವಾದ ಮುಕ್ಕಾಲು ಪಾಲು ಇಲ್ಲೇ ಬರುವುದು. ಅದು ನೀರಿನ ಮೇಲೆ ತಲೆ ಎತ್ತಿರುವ ದೊಡ್ಡ ಜಾಗ ಐಸ್‌ಲ್ಯಾಂಡ್. 2023ರ ಡಿಸೆಂಬರಿನಿಂದ ಗ್ರಿಂಡವಿಕ್ ಊರಿನ ಹತ್ತಿರ ಮತ್ತೆ ಮತ್ತೆ ಬಿರುಕು ಬಿಟ್ಟು ಲಾವಾ ಹರಿದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ.

ಇವು ಈಚೆಗೆ ಜಾಸ್ತಿ ಆಗುತ್ತಿವೆಯಾ? ಹಾಗೆ ಅನ್ನಿಸುವುದು ನಮ್ಮ ಕಿವಿ ಚುರುಕಾದದ್ದರಿಂದ. ಮೊದಲು ಕೇಳುವ ಸಾಧನವೇ ಇರಲಿಲ್ಲ. ಅಮೆರಿಕದ ನೌಕಾಪಡೆ ಶತ್ರು ಸಬ್‌ಮರಿನ್‌ಗಳ ಸದ್ದು ಹಿಡಿಯಲು ಕಡಲಲ್ಲಿ ಇಳಿಬಿಟ್ಟಿದ್ದ ಮೈಕುಗಳನ್ನು ವಿಜ್ಞಾನಿಗಳಿಗೂ ಕೇಳಲು ಕೊಟ್ಟಿತು. 1993ರ ಜೂನಿನಲ್ಲಿ ಅವುಗಳಿಂದಲೇ ದೂರದ ಬೆಟ್ಟಸಾಲಿನಲ್ಲಿ ಲಾವಾ ನುಗ್ಗುತ್ತಿರುವುದು ಮೊದಲ ಬಾರಿ ಗೊತ್ತಾಯಿತು. ಅಮೆರಿಕದ ಆರೆಗಾನ್ ಕರಾವಳಿಯಿಂದ ಸುಮಾರು 480 ಕಿ.ಮೀ. ಆಚೆ ಆಕ್ಸಿಯಲ್ ಅನ್ನುವ ಕಡಲಡಿಯ ಜ್ವಾಲಾಮುಖಿ ಇದೆ. ಅದು 1998, 2011, 2015ರಲ್ಲಿ ಎದ್ದಿತು. 2014ರಲ್ಲಿ ಅಲ್ಲಿಗೆ ದಡದಿಂದಲೇ ಕೇಬಲ್ ಎಳೆದು ಉಪಕರಣ ಕೂರಿಸಿದರು. ಲಾವಾ ತುಂಬಿದಂತೆ ಅಲ್ಲಿನ ನೆಲ ಉಬ್ಬುತ್ತದೆ. ಆ ಉಬ್ಬು ನೋಡಿಕೊಂಡು ಬಿಲ್ ಚಾಡ್ವಿಕ್, ಸ್ಕಾಟ್ ನೂನರ್ ಅನ್ನುವ ಇಬ್ಬರು 2015ರಲ್ಲಿ ಏಳುತ್ತದೆ ಅಂತ ಮೊದಲೇ ಹೇಳಿದ್ದರು. ಆ ಏಪ್ರಿಲ್‌ನಲ್ಲಿ ಎದ್ದೇ ಬಿಟ್ಟಿತು. ಒಂದೇ ದಿನದಲ್ಲಿ ಸಾವಿರಾರು ಸಣ್ಣ ಕಂಪನ, ನೆಲ ಎರಡು ಮೀಟರಿಗೂ ಜಾಸ್ತಿ ಕುಸಿಯಿತು. ದಡದಲ್ಲಿದ್ದವರಿಗೆ ಏನೂ ಗೊತ್ತಾಗಲಿಲ್ಲ. 2024ರ ಕೊನೆಗೆ 'ಇನ್ನೊಂದು ವರ್ಷದೊಳಗೆ' ಅಂದರು, ಆಮೇಲೆ ಗಡುವು ಮುಂದೆ ಹಾಕಿದರು. ಮಳೆ ಶಾಸ್ತ್ರದ ಹಾಗೆ ಇದೂ ಕಲಿಯುತ್ತಾ ಇರುವ ಶಾಸ್ತ್ರ.

ಈಗ ನಮ್ಮ ಅರಬ್ಬಿ ಸಮುದ್ರ. ನಿಮ್ಮ ಕಡೆಯ ಮಾತಿನಲ್ಲಿ ಅರ್ಧ ನಿಜ ಇದೆ. ಅಲ್ಲೂ ಇಂಥ ಬೆಟ್ಟಸಾಲು ಇದೆ, ಹೆಸರು ಕಾರ್ಲ್ಸ್‌ಬರ್ಗ್. ಮಂಗಳೂರಿನಿಂದ 1,500 ಕಿ.ಮೀ.ಗೂ ಆಚೆ, ಏಡನ್ ಕೊಲ್ಲಿಯ ದಿಕ್ಕಿನಿಂದ ಕೆಳಗೆ ಹಿಂದೂ ಮಹಾಸಾಗರದ ನಡುವಿನ ತನಕ ಚಾಚಿದೆ. ಕಡಲ ತಳ ಹರಡುತ್ತಿದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಇಲ್ಲಿಂದಲೇ. 1962ರಲ್ಲಿ ಬ್ರಿಟಿಷ್ ಹಡಗೊಂದು ಇದರ ಮೇಲೆ ಅಳೆದ ಕಾಂತತೆಯ ಪಟ್ಟೆಗಳನ್ನು (ತಳದ ಕಲ್ಲಿನ ಕಾಂತ ದಿಕ್ಕು ಪಟ್ಟೆ ಪಟ್ಟೆಯಾಗಿ ಅದಲುಬದಲಾಗಿರುವುದನ್ನು) ಇಟ್ಟುಕೊಂಡು ಫ್ರೆಡ್ ವೈನ್ ಮತ್ತು ಡ್ರಮ್ಮಂಡ್ ಮ್ಯಾಥ್ಯೂಸ್ 1963ರಲ್ಲಿ ತಮ್ಮ ಹೆಸರಾಂತ ಲೇಖನ ಬರೆದರು. ನಮ್ಮ ಹುಡುಗರಿಗೆ ಇದನ್ನು ಪೆಸಿಫಿಕ್ಕಿನ ಕಥೆ ಹೇಳುವುದಕ್ಕಿಂತ ಮೊದಲು ಹೇಳಬೇಕು ಅನ್ನುವುದು ನನ್ನ ಆಸೆ.

ಕಾರ್ಲ್ಸ್‌ಬರ್ಗ್ ನಿಧಾನದ್ದು. ವರ್ಷಕ್ಕೆ ಎರಡೂವರೆ ಮೂರು ಸೆಂಟಿಮೀಟರ್ ಅಗಲವಾಗುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿ ಹುಟ್ಟಿದ ಹೊಸ ನೆಲ ಸುಮಾರು 25 ಮೀಟರ್ ಅಗಲ. ಆಲ್ವಿನ್ ಇಳಿದ ಪೆಸಿಫಿಕ್ ಸಾಲಿನಲ್ಲಿ ಅದೇ ಅವಧಿಗೆ ಸುಮಾರು 100 ಮೀಟರ್. ಬೇಗ ಅಗಲವಾಗುವ ಕಡೆ ಲಾವಾ ಪದೇ ಪದೇ ಬರುತ್ತದೆ, ನಿಧಾನದ ಕಡೆ ಅಪರೂಪ. ಆದರೂ 2003ರಲ್ಲಿ ಕಾರ್ಲ್ಸ್‌ಬರ್ಗ್ ಮೇಲೆ ಹೋದ ಬ್ರಿಟಿಷ್ ಸಂಶೋಧನಾ ಹಡಗಿಗೆ ಆಳದಲ್ಲಿ ಒಂದು ಭಾರಿ ಬೆಚ್ಚನೆಯ ನೀರಿನ ಮೋಡ ಸಿಕ್ಕಿತು. ಉದ್ದ ಸುಮಾರು 70 ಕಿ.ಮೀ. ತಳದಲ್ಲಿ ಲಾವಾ ನುಗ್ಗಿ ಒಮ್ಮೆಲೇ ಬಿಸಿನೀರು ಹೊರಬಿದ್ದದ್ದರ ಗುರುತು ಅದು. ಇನ್ನೂ ಕೆಳಗೆ, ಮಧ್ಯ ಹಿಂದೂ ಮಹಾಸಾಗರದ ಬೆಟ್ಟಸಾಲಿನಲ್ಲಿ, 2024ರ ಡಿಸೆಂಬರಿನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು 4,500 ಮೀಟರ್ ಆಳದ ಒಂದು ಜೀವಂತ ಬುಗ್ಗೆಯ ಚಿತ್ರ ತೆಗೆದರು. ನಮ್ಮವರೇ ಕಂಡದ್ದು ಅನ್ನುವುದು ನನಗೆ ಬಹಳ ಖುಷಿ.

ಹಾಗಾದರೆ ಬಿಸಿ? ಇಲ್ಲಿಗೆ ಲೆಕ್ಕ ಬಂತು. ನಿಮ್ಮ ತೋಟದಲ್ಲಿ ಕಾಫಿ ಒಣಗಿಸುವ ಕಣ ಇದೆಯಲ್ಲ, ಅದು 1,000 ಚದರ ಮೀಟರ್ ಅಂದುಕೊಳ್ಳಿ. ಅಷ್ಟೇ ಜಾಗವನ್ನು ಕಡಲ ತಳದಲ್ಲಿ ಗುರುತು ಮಾಡಿ. ಭೂಮಿಯ ಒಳಗಿನಿಂದ ಆ ಕಣದಷ್ಟು ಜಾಗಕ್ಕೆ ಸರಾಸರಿ ಬರುವ ಶಾಖ ಸುಮಾರು 100 ವ್ಯಾಟ್. ಬೆಟ್ಟಸಾಲು, ಬುಗ್ಗೆ, ಲಾವಾ ಎಲ್ಲ ಸೇರಿಸಿ ಹಂಚಿದ ಲೆಕ್ಕ ಇದು. ಅಂದರೆ ಇಡೀ ಕಣಕ್ಕೆ ಹಳೇ ಕಾಲದ ಒಂದು ನೂರರ ಬಲ್ಬ್. ಅದೇ ಕಣದಷ್ಟು ಕಡಲಿನ ಮೇಲ್ಮೈ, ಹಗಲು ರಾತ್ರಿ ಸರಾಸರಿ ಮಾಡಿದರೂ, ಸೂರ್ಯನಿಂದ ಹೀರಿಕೊಳ್ಳುವುದು ಒಂದೂವರೆ ಸಾವಿರಕ್ಕೂ ಜಾಸ್ತಿ ಬಲ್ಬಿನಷ್ಟು. ಇನ್ನು ನಾವು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಗಾಳಿಗೆ ಸೇರಿಸಿದ ಅನಿಲದಿಂದ ಭೂಮಿಯಲ್ಲಿ ಉಳಿದುಕೊಳ್ಳುತ್ತಿರುವ ಹೆಚ್ಚುವರಿ ಶಾಖ ಅದೇ ಕಣಕ್ಕೆ ಹತ್ತಿರ ಹತ್ತಿರ ಹತ್ತು ಬಲ್ಬ್. ಅದರಲ್ಲಿ ನೂರಕ್ಕೆ 90 ಪಾಲು ಕಡಲಿಗೇ ಹೋಗುತ್ತಿದೆ.

ಮುಖ್ಯವಾದ ಮಾತು ಇದು: ಕೆಳಗಿನ ಆ ಒಂದು ಬಲ್ಬ್ ಕೋಟ್ಯಂತರ ವರ್ಷಗಳಿಂದ ಉರಿಯುತ್ತಲೇ ಇದೆ. ಕಡಲು ಅದಕ್ಕೆ ಒಗ್ಗಿಕೊಂಡೇ ಇದೆ. ಹೊಸದಾಗಿ ಹಚ್ಚಿದ್ದು ಮೇಲಿನ ಹತ್ತು. ಬುಗ್ಗೆಯ ಬಿಸಿನೀರು ಮೇಲೆ ಬರುತ್ತದಾ ಅಂತ ಕೇಳಬಹುದು. ಸಾಮಾನ್ಯವಾಗಿ ಇನ್ನೂರು ಮುನ್ನೂರು ಮೀಟರ್ ಏರುವಷ್ಟರಲ್ಲಿ ಸುತ್ತಲಿನ ತಣ್ಣೀರು ಬೆರೆತು, ಅಲ್ಲೇ ಅಡ್ಡಕ್ಕೆ ಹರಡಿಕೊಳ್ಳುತ್ತದೆ. 2003ರ ಆ ಭಾರಿ ಮೋಡ ಕೂಡ ಸಾವಿರ ಚಿಲ್ಲರೆ ಮೀಟರ್ ಏರಿ ಆಳದಲ್ಲೇ ನಿಂತಿತು. ಮೋಡ ಕಟ್ಟುವುದು, ಗಾಳಿ ತಿರುಗುವುದು ಎಲ್ಲ ಮೇಲ್ಮೈ ನೀರಿನ ಬಿಸಿಯಿಂದ. ಅರಬ್ಬಿ ಸಮುದ್ರದ ಮೇಲ್ಮೈ ಬಿಸಿಯಾಗುತ್ತಿರುವುದು ನಿಜ. ಮೇಲಿನಿಂದ ಆಗುತ್ತಿದೆ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ಹೂಮಳೆ ಹೋದರೆ ಒಂದು ವರ್ಷದ ಬೆಳೆ ಹೋದಂತೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದನ್ನೂ, 2023ರಲ್ಲಿ ಮಳೆ ಕೈಕೊಟ್ಟದ್ದನ್ನೂ ನೀವು ಅನುಭವಿಸಿದ್ದೀರಿ. ಅದಕ್ಕೆ ಕಾರಣ ಕಡಲ ತಳ ಅಂದುಬಿಟ್ಟರೆ ಯಾರೂ ಏನೂ ಮಾಡುವ ಹಾಗಿಲ್ಲ ಅಂತ ಆಗುತ್ತದೆ. ಆ ಮಾತು ತಪ್ಪು ಅಷ್ಟೇ ಅಲ್ಲ, ನಮ್ಮ ಕೈ ಕಟ್ಟಿಹಾಕುವ ಮಾತು. ಜ್ವಾಲಾಮುಖಿಗಳ ಹೊಗೆಯಿಂದಲೇ ಅನಿಲ ಜಾಸ್ತಿಯಾಗಿದೆ ಅನ್ನುವವರೂ ಸಿಗುತ್ತಾರೆ. ಭೂಮಿಯ ಮೇಲಿನವು, ನೀರಿನಡಿಯವು ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್, ಮನುಷ್ಯರು ಬಿಡುವುದರ ನೂರನೇ ಒಂದು ಪಾಲೂ ಇಲ್ಲ.

ಸುನಾಮಿಯ ಭಯವೂ ಬೇಡ. 2004ರ ಡಿಸೆಂಬರಿನದು ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವ ಜಾಗದ್ದು, 2022ರ ಟೋಂಗಾದ್ದೂ ಅಂಥ ಜಾಗದಲ್ಲಿ, ನೀರಿನ ಮೇಲ್ಮೈಗೆ ತೀರ ಹತ್ತಿರ ಸಿಡಿದದ್ದು. ಎಳೆದುಕೊಂಡು ದೂರವಾಗುವ ಬೆಟ್ಟಸಾಲಿನಲ್ಲಿ ಕಂಪನಗಳು ಬಹುಪಾಲು ಸಣ್ಣವು. ದೊಡ್ಡದು ಬಂದರೂ ನೆಲ ಅಕ್ಕಪಕ್ಕಕ್ಕೆ ಜಾರುತ್ತದೆ, ನೀರನ್ನು ಎತ್ತಿ ಒಗೆಯುವುದಿಲ್ಲ.

ನನಗೆ ಆತಂಕ ಇರುವುದು ಬೇರೆ ಕಡೆ. ಆ ಬುಗ್ಗೆಗಳ ಬಾಯಲ್ಲಿ ತಾಮ್ರ, ಸತು, ಸ್ವಲ್ಪ ಚಿನ್ನ ಕೂಡ ಗಟ್ಟಿಯಾಗಿ ಕೂತಿರುತ್ತದೆ. ಕಾರ್ಲ್ಸ್‌ಬರ್ಗ್‌ನಲ್ಲಿ ಅದನ್ನು ಹುಡುಕುವ ಹಕ್ಕಿನ ಒಪ್ಪಂದಕ್ಕೆ ಭಾರತ 2025ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದೆ. ಹುಡುಕಲಿ, ಅಳೆಯಲಿ. ಆದರೆ ಬಿಸಿಲನ್ನೇ ಕಾಣದೆ, ಗಂಧಕದ ಅನಿಲದಿಂದ ಬದುಕುವ ಜೀವಿಗಳು ಅಲ್ಲಿವೆ. ಪೆಸಿಫಿಕ್ಕಿನ ಕೊಳವೆಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಒಳಗಿರುವ ಬ್ಯಾಕ್ಟೀರಿಯಾವೇ ಅಡುಗೆ ಮಾಡಿ ಬಡಿಸುತ್ತದೆ. 1991ರ ಲಾವಾದಲ್ಲಿ ಎಲ್ಲ ಸುಟ್ಟುಹೋದ ಮೇಲೂ ಎರಡು ಮೂರು ವರ್ಷದಲ್ಲಿ ಒಂದೂವರೆ ಮೀಟರ್ ಉದ್ದದ ಹುಳುಗಳು ಮತ್ತೆ ಎದ್ದಿದ್ದವು. ಲಾವಾ ಬಂದುಹೋಗುವುದು ಆ ಜೀವಿಗಳಿಗೆ ಹೊಸದಲ್ಲ. ಯಂತ್ರದ ಹಲ್ಲು ಹೊಸದು. ನಿಧಾನದ ಬೆಟ್ಟಸಾಲಿನ ಜೀವಿಗಳಿಗೆ ಲಾವಾದ ಅಭ್ಯಾಸವೂ ಕಡಿಮೆ. ಹಾಗಾಗಿ ಜೀವ ಇರುವ ಬುಗ್ಗೆಗಳನ್ನು ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಚಂದ್ರದ್ರೋಣ. ಅದು ಕುದುರೆ ಲಾಳದ ಆಕಾರದಲ್ಲಿರುವುದರಿಂದ ಜ್ವಾಲಾಮುಖಿಯ ಬಾಯಿ ಅನ್ನಿಸುತ್ತದೆ. ಬಾಯಲ್ಲ. ಹಾಸಿಟ್ಟ ಕಂಬಳಿ ಮಡಿಚಿಕೊಂಡ ಹಾಗೆ ಕಲ್ಲಿನ ಪದರಗಳು ಬಾಗಿ, ಮಳೆಗಾಳಿಗೆ ಸವೆದು ಬಂದ ಆಕಾರ. ಮತ್ತೆ ಏಳುವ ಮಾತೇ ಇಲ್ಲ. ಆದರೆ ಆ ಪದರಗಳಲ್ಲಿ ಹಳೆಯ ಲಾವಾ ಇರುವುದು ನಿಜ. ಸಂತವೇರಿ ಸುತ್ತಲಿನ ಲಾವಾ ಪದರಗಳಿಗೆ ಭೂವಿಜ್ಞಾನದಲ್ಲಿ ಆ ಊರಿನ ಹೆಸರೇ ಇದೆ. ವಯಸ್ಸು 270ರಿಂದ 290 ಕೋಟಿ ವರ್ಷ.

ಅದರ ಮೇಲೆ ಕೂತಿರುವ ಕಬ್ಬಿಣದ ಕಲ್ಲು ಇನ್ನೂ ಸೊಗಸು. ಮುಳ್ಳಯ್ಯನಗಿರಿಯ ಹೆಸರಿನಿಂದಲೇ ಆ ಪದರವನ್ನು ಕರೆಯುತ್ತಾರೆ. ಕೆಮ್ಮಣ್ಣುಗುಂಡಿಯಿಂದ ತಂದ ಒಂದು ತುಂಡು ನನ್ನ ಮೇಜಿನ ಮೇಲಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಗೆರೆಗಳು ಎದ್ದು ಕಾಣುತ್ತವೆ: ಒಂದು ಉಕ್ಕಿನ ಬಣ್ಣದ್ದು, ಒಂದು ಇಟ್ಟಿಗೆ ಕೆಂಪು, ಒಂದು ಬಿಳಿಚಿದ್ದು. ಕೆಲವು ಗೆರೆ ರಟ್ಟಿನಷ್ಟು ದಪ್ಪ, ಕೆಲವು ಕಾಗದದಷ್ಟು. ಕೈಯಲ್ಲಿ ಹಿಡಿದರೆ ಅಳತೆಗೆ ಮೀರಿದ ಭಾರ. ಪ್ರತಿ ಗೆರೆಯೂ ಆಗಿನ ಕಡಲ ತಳದಲ್ಲಿ ಕೂತ ಗಸಿ. ಆಗ ನೀರಿನಲ್ಲಿ ಆಮ್ಲಜನಕ ಇರಲಿಲ್ಲ ಅನ್ನಬಹುದು. ಕಡಲಡಿಯ ಬುಗ್ಗೆಗಳು ಉಗುಳಿದ ಕಬ್ಬಿಣ ತುಕ್ಕು ಹಿಡಿಯದೆ ನೀರಿನಲ್ಲಿ ಕರಗಿಕೊಂಡೇ ದೂರ ದೂರ ಹೋಗುತ್ತಿತ್ತು. ಆಮೇಲೆ ಪದರ ಪದರವಾಗಿ ತಳಕ್ಕಿಳಿಯಿತು. ಭದ್ರಾವತಿಯ ಕುಲುಮೆಗೆ ಹೋದ ಕಬ್ಬಿಣ ಇದೇ. ಇವತ್ತಿನ ಬುಗ್ಗೆಗಳಿಂದಲೂ ಕಬ್ಬಿಣ ಬರುತ್ತದೆ, ಆದರೆ ತಣ್ಣೀರು ತಾಗಿದ ಕೂಡಲೇ ಗಂಧಕದ ಜೊತೆ ಸೇರಿ ಕರಿ ಪುಡಿಯಾಗುತ್ತದೆ. 'ಕರಿ ಹೊಗೆ ಬುಗ್ಗೆ' ಅನ್ನುವುದು ಅದಕ್ಕೇ. 1979ರಲ್ಲಿ ಮೊದಲು ಕಂಡದ್ದು. ಅದು ಹೊಗೆಯಲ್ಲ, ಲೋಹದ ಪುಡಿ.

ಬೇಲೂರು ಹಳೇಬೀಡಿನ ಬಳಪದ ಕಲ್ಲಿಗೂ ಇಂಥದೇ ಹಿನ್ನೆಲೆ. ಮೆಗ್ನೀಸಿಯಂ ಜಾಸ್ತಿ ಇರುವ ಕಲ್ಲು ಭೂಮಿಯೊಳಗೆ ಬಿಸಿನೀರಿನಲ್ಲಿ ನೆನೆದು ಮೆದುವಾದರೆ ಬಳಪದ ಕಲ್ಲು. ಅಷ್ಟು ಮೆದು ಇದ್ದದ್ದಕ್ಕೇ ಶಿಲಾಬಾಲಿಕೆಯ ಬಳೆಯೊಳಗೂ ಉಳಿ ಆಡಿತು.

ಕಡಲ ತಳದ ಲಾವಾ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿದರೆ ಸಬ್‌ಮರಿನ್ ಬೇಡ. ಚಿತ್ರದುರ್ಗ ಜಿಲ್ಲೆಯ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿನ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಸ್ಮಾರಕವಾಗಿ ಉಳಿಸಿದೆ. ಕೊಯ್ಲು ಮುಗಿದ ಮೇಲೆ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಎಳೆಬಿಸಿಲಿದ್ದಾಗ ಉಂಡೆಗಳ ಅಂಚು ಚೆನ್ನಾಗಿ ಕಾಣುತ್ತದೆ. ಒಂದು ದಿಂಬಿನ ಹತ್ತಿರ ಕೂತು ನೋಡಿ: ಒಂದು ಕಡೆ ಉಬ್ಬಿ ಗುಂಡಗಿರುತ್ತದೆ, ಇನ್ನೊಂದು ಕಡೆ ಕೆಳಗಿನ ಎರಡು ದಿಂಬುಗಳ ಸಂದಿಗೆ ಬಾಲದ ಹಾಗೆ ಇಳಿದಿರುತ್ತದೆ. ಗುಂಡಗಿನ ಕಡೆ ಆ ಕಾಲದ ಆಕಾಶದ ದಿಕ್ಕು. ಸುತ್ತಿಗೆ ಮಾತ್ರ ತೆಗೆದುಕೊಂಡು ಹೋಗಬೇಡಿ.